ಮಾಪಕದ ಮೇಲಿನ ಕುಂಕುಮ

ಹೇರೋಹಳ್ಳಿ ಪಕ್ಕದ ಮಾವಿನತೋಪು ಲೇಔಟಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ, ಒಂದು ಲೀಟರ್ ನೀರಿನಲ್ಲಿ ಕರಗಿರುವ ಲವಣ 7.40 ಮಿಲಿಗ್ರಾಂ. ಇದು ಅಭಿಪ್ರಾಯವಲ್ಲ, ದಾಖಲೆ. ಪಶ್ಚಿಮ ಜಲಶುದ್ಧಿ ಕೋಶದ ರಿಜಿಸ್ಟರಿನಲ್ಲಿ ಸತತ ಒಂಬತ್ತು ಮಂಗಳವಾರ ಇದೇ ಅಂಕಿ ನಮೂದಾಗಿದೆ. ಮಳೆ ಕೂಡ ಇಷ್ಟು ಶುದ್ಧವಾಗಿ ಬೀಳುವುದಿಲ್ಲ. ಮಳೆಯ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಕೋಶಕ್ಕಿಲ್ಲವಾದ್ದರಿಂದ ಆ ವಿಷಯವನ್ನು ಅಲ್ಲಿಗೇ ಬಿಡಲಾಗಿದೆ.

ಮಾವಿನತೋಪು ಲೇಔಟಿನಲ್ಲಿ ಮಾವೂ ಇಲ್ಲ, ತೋಪೂ ಇಲ್ಲ. ಲೇಔಟ್ ಇದೆಯೇ ಎಂಬ ಬಗ್ಗೆ ಕಡತ ಚಾಲ್ತಿಯಲ್ಲಿದೆ. ಖಚಿತವಾಗಿ ಇರುವುದು ನಾಲ್ಕು ಅಡ್ಡರಸ್ತೆ, ಇನ್ನೂರ ಹತ್ತು ಮನೆ, ಚರಂಡಿ ನೀರು ಹರಿಯುವ ಒಂದು ರಾಜಕಾಲುವೆ, ಕಾಲುವೆಯಿಂದ ಹನ್ನೆರಡು ಅಡಿ ದೂರಕ್ಕೆ ಒಂದು ಬೋರ್‌ವೆಲ್, ಅದರ ಪಕ್ಕ ನೀಲಿ ತಗಡಿನ ಘಟಕ. ಜಾಗ ಬಿಟ್ಟುಕೊಟ್ಟವರು ದೊಡ್ಡಹನುಮಯ್ಯ. ಊರು ಊರಾಗಿದ್ದಾಗ ಅಲ್ಲಿ ರಾಗಿ ಬೆಳೆಯುತ್ತಿದ್ದವರು. ಈಗ ಬಾಡಿಗೆ ಮನೆ ಬೆಳೆದಿದ್ದಾರೆ, ನಿವಾಸಿಗಳ ಸಂಘಕ್ಕೆ ಅಧ್ಯಕ್ಷರೂ ಆಗಿದ್ದಾರೆ.

7.40ನ್ನು ಪ್ರತಿ ಮಂಗಳವಾರ ಬರೆದುಕೊಳ್ಳುವ ಕೆಲಸ ಅನಂತಲಕ್ಷ್ಮಿಯದು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಕೋಶದಲ್ಲಿ ಆರು ತಿಂಗಳ ಗುತ್ತಿಗೆಯ ನೌಕರಿ. ಮನೆ ಅದೇ ಲೇಔಟಿನ ಎರಡನೇ ಅಡ್ಡರಸ್ತೆಯಲ್ಲಿ. ಜೊತೆಗೆ ಅತ್ತೆ ನರಸಮ್ಮ, ಮಾವ ಬೈರಯ್ಯ, ಗಂಡ ರೇವಂತ್. ರೇವಂತನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಎರಡನೇ ಪಾಳಿ. ಮನೆಯಲ್ಲಿ ಜಗಳವಾಗುವುದು ಯಾವಾಗಲೂ ಎರಡನೇ ಪಾಳಿಯಲ್ಲೇ ಆದ್ದರಿಂದ ಅವನು ಈ ಕಥೆಯಲ್ಲಿ ಮತ್ತೆ ಬರುವುದಿಲ್ಲ.

ಅಂಕಿ 7.40 ಆದದ್ದು ಹೀಗೆ.

ಆಯುಧಪೂಜೆಗೆ ನಾಲ್ಕು ದಿನ ಮುಂಚೆ ಘಟಕದ ಮೆಂಬ್ರೇನ್ ಹರಿಯಿತು. ಮೆಂಬ್ರೇನ್ ಎಂದರೆ ನೀರು ಸೋಸುವ ಪೊರೆ. ಅದು ಹರಿದರೆ ಯಂತ್ರ ನಿಲ್ಲುವುದಿಲ್ಲ. ಮೊದಲಿನಂತೆಯೇ ಗುಂಯ್ ಎನ್ನುತ್ತಾ ಬೋರ್‌ವೆಲ್ ನೀರನ್ನು ಬೋರ್‌ವೆಲ್ ನೀರಾಗಿಯೇ ಕ್ಯಾನಿಗೆ ತುಂಬುತ್ತದೆ. ಅದುವರೆಗೆ ಗೋಡೆಯ ಮೇಲಿನ ಮಾಪಕದಲ್ಲಿ 048 ಎಂದು ಹೊಳೆಯುತ್ತಿದ್ದ ಮೂರು ಕೆಂಪು ಅಂಕಿಗಳು 740 ಆದವು. ಘಟಕ ನೋಡಿಕೊಳ್ಳುವ ಕೊಟ್ರೇಶ್ ಕೋಶಕ್ಕೆ ದೂರು ಕೊಟ್ಟ. ದೂರು ಸ್ವೀಕೃತವಾಯಿತು. ಅಷ್ಟರಲ್ಲಿ ಹಬ್ಬ ಬಂತು.

ಘಟಕಕ್ಕೆ ಬಾಳೆಕಂದು ಕಟ್ಟಿದರು. ಬೂದುಗುಂಬಳ ಒಡೆದರು. ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚುವ ಗೌರವ ನರಸಮ್ಮನವರ ಪಾಲಿಗೆ ಬಂತು. ನರಸಮ್ಮ ಯಾವುದನ್ನೂ ಅರ್ಧಂಬರ್ಧ ಮಾಡಿದವರಲ್ಲ. ಮೋಟರಿಗೆ ಹಚ್ಚಿದರು, ಟ್ಯಾಂಕಿಗೆ ಹಚ್ಚಿದರು, ನಲ್ಲಿಗೆ, ನಾಣ್ಯ ಹಾಕುವ ಡಬ್ಬಿಗೆ, ಕೊಟ್ರೇಶನ ಸೈಕಲ್ಲಿಗೆ ಹಚ್ಚಿದರು. ಕಡೆಗೆ ಮಾಪಕದ ಗಾಜಿಗೊಂದು ಬೊಟ್ಟು ಇಟ್ಟರು. ಉದುರದಿರಲೆಂದು ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದರು. ಬೊಟ್ಟು ಹೋಗಿ ಏಳರ ಬಲಕ್ಕೆ, ಬುಡದಲ್ಲಿ ಕೂತಿತು. ಮಂಗಳಾರತಿ ಎತ್ತಿದರು. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದು ಕಣ್ಣು ಬಿಟ್ಟಾಗ ಮಾಪಕ 7.40 ತೋರಿಸುತ್ತಿತ್ತು.

"ನೋಡ್ರಪ್ಪ," ಎಂದರು ದೊಡ್ಡಹನುಮಯ್ಯ, "ನಾಲ್ಕು ದಿನದಿಂದ ಫೋನ್ ಮಾಡಿ ಮಾಡಿ ಆಗದೇ ಇದ್ದಿದ್ದು, ಒಂದು ಮಂಗಳಾರತೀಲಿ ಆಯ್ತು."

ಕೊಟ್ರೇಶ್ ಕೋಶಕ್ಕೆ ಫೋನ್ ಮಾಡಿ, ನೀರು ಸರಿಹೋಗಿದೆ ಎಂದು ತಿಳಿಸಿದ. ಹೇಗೆ ಎಂದು ಕೇಳಿದರು. ಪೂಜೆ ಮಾಡಿದೆವು ಎಂದ. ದೂರು ಪರಿಹಾರದ ವಿಧಾನಗಳ ಪಟ್ಟಿಯಲ್ಲಿ 'ಇತರೆ' ಎಂಬುದಕ್ಕೆ ಗುರುತು ಹಾಕಿ ಕಡತ ಮುಚ್ಚಲಾಯಿತು.

ಆ ಹೊತ್ತಿಗೆ ಅನಂತಲಕ್ಷ್ಮಿ ಹಬ್ಬಕ್ಕೆಂದು ನಾಗರಬಾವಿಯ ತವರಿನಲ್ಲಿದ್ದಳು. ವಾಪಸು ಬಂದು ನೌಕರಿಗೆ ಸೇರಿದ ಮೊದಲ ಮಂಗಳವಾರವೇ ಅವಳಿಗೆ ಕೋಶದ ಆ್ಯಪ್ ಕೊಟ್ಟರು. ಮಾಪಕದ ಮುಂದೆ ಫೋನ್ ಹಿಡಿದರೆ ಆ್ಯಪ್ ತಾನೇ ಫೋಟೊ ತೆಗೆದು, ತಾನೇ ಅಂಕಿ ಓದಿ, ತಾನೇ ಕಳಿಸುತ್ತದೆ. ಅದು 7.40 ಎಂದು ಓದಿತು. ಅವಳ ಕಾಲೇಜಿನ ಪ್ರಯೋಗಾಲಯದಲ್ಲಿ ಭಟ್ಟಿ ಇಳಿಸಿದ ನೀರು ಕೂಡ ಒಂಬತ್ತರ ಕೆಳಗೆ ಬಂದದ್ದಿರಲಿಲ್ಲ. ಅವಳು ಹತ್ತಿರ ಹೋಗಿ ಗಾಜನ್ನು ನೋಡಿದಳು. ಬೊಟ್ಟು ಚೆನ್ನಾಗಿ ಕೂತಿತ್ತು.

ಮನೆಯಲ್ಲಿ ಆಗಲೇ ಮಾವನ ಹೊಟ್ಟೆ ಕೆಟ್ಟು ವಾರದ ಮೇಲಾಗಿತ್ತು. ಬೈರಯ್ಯ ಮೂವತ್ತೊಂದು ವರ್ಷ ಲೇತ್ ನಡೆಸಿದ ಗಟ್ಟಿ ಆಳು. ಈಗ ಅವರ ಪ್ಯಾಂಟಿಗೆ ಬೆಲ್ಟಿನ ಮೇಲೆ ಒಂದು ಹಗ್ಗವೂ ಬೇಕಾಗಿತ್ತು. ಅನಂತಲಕ್ಷ್ಮಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಆಯಾ ದಿನದ ಚೌಕದೊಳಗೆ, ಮಾವ ಎಷ್ಟು ಸಲ ಹೋದರೆಂದು ಬರೆಯುತ್ತಿದ್ದಳು. ಯಾವಾಗಲೂ ಎರಡು ಅಂಕಿ. ಒಂದೇ ಬಂದರೆ ಮುಂದೊಂದು ಸೊನ್ನೆ. ಪ್ರಯೋಗಾಲಯದಿಂದ ಬಂದ ಅಭ್ಯಾಸ. 08, 09, 11, 12.

ಅವಳು ಪೆನ್ನಿನಂಥ ತನ್ನ ಸ್ವಂತ ಮೀಟರನ್ನು ಕುಡಿಯುವ ನೀರಿನ ಬಿಂದಿಗೆಯಲ್ಲಿ ಅದ್ದಿದಳು. 740 ಬಂತು.

"ಅತ್ತೆ, ಈ ನೀರು ಬೇಡ," ಎಂದಳು. "ಕಾಯಿಸಿ ಆರಿಸಿ ಕುಡಿಯೋಣ."

ನರಸಮ್ಮ ದಂಟಿನ ಸೊಪ್ಪು ಬಿಡಿಸುತ್ತಿದ್ದರು. "ಯಾವ್ ನೀರು? ಸೆವೆನ್ ಪಾಯಿಂಟ್ ಫೋರ್ಟಿ ನೀರನ್ನಾ?"

"ಆ ಪಾಯಿಂಟು ನೀವಿಟ್ಟ ಕುಂಕುಮ, ಅತ್ತೆ."

"ಹೌದು, ನಾನೇ ಇಟ್ಟಿದ್ದು. ಇಲ್ಲ ಅಂದ್ನಾ?"

"ಅದನ್ನ ಒಂಚೂರು ಒರೆಸಿದ್ರೆ..."

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಏನಂದೆ? ಕುಂಕುಮ ಒರೆಸೋದಾ? ಸೊಸೆ ಬಾಯಲ್ಲಿ ಬರೋ ಮಾತೇನೇ ಇದು? ನನ್ ಗಂಡ ಇನ್ನೂ ಬದುಕಿದಾರೆ ಕಣೇ!"

"ಸದ್ಯಕ್ಕೆ," ಎಂದು ಪಾಯಿಖಾನೆಯ ಬಾಗಿಲ ಹಿಂದಿನಿಂದ ಬೈರಯ್ಯನವರ ದನಿ ಬಂತು.

ಅಲ್ಲಿಗೆ ಸಾಕ್ಷ್ಯ ಬೇಕೆಂದು ಅನಂತಲಕ್ಷ್ಮಿಗೆ ಅನಿಸಿತು. ಕೋಶದ ಕಪಾಟಿನಲ್ಲಿ ಪರೀಕ್ಷೆಯ ಸಣ್ಣ ಬಾಟಲಿಗಳಿದ್ದವು. ನೀರು ತುಂಬಿ ಒಂದೆರಡು ದಿನ ಇಟ್ಟರೆ ಆಯಿತು: ಚರಂಡಿ ಸೇರಿದ್ದರೆ ಕಪ್ಪಾಗುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ಬಾಟಲಿ ತಂದು ಘಟಕದ ನಲ್ಲಿಯಲ್ಲಿ ತುಂಬಿಸಿ ಅಡುಗೆಮನೆಯ ಗೂಡಿನಲ್ಲಿಟ್ಟಳು. ಮಾರನೆಯ ದಿನ ಸಂಜೆಗೆ ಅದು ಕಾಡಿಗೆಯಾಗಿತ್ತು.

"ನೋಡಿ ಅತ್ತೆ."

ನರಸಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಖ ಗಂಭೀರವಾಯಿತು. ಅನಂತಲಕ್ಷ್ಮಿಗೆ ಆಸೆ ಹುಟ್ಟಿತು.

"ನಾನ್ ಅಂದ್ಕೊಂಡಿದ್ದೆ," ಎಂದರು ನರಸಮ್ಮ. "ದೃಷ್ಟಿ. ಅಕ್ಕಪಕ್ಕದ ಲೇಔಟಿನವರ ಕಣ್ಣೆಲ್ಲ ನಮ್ ನೀರಿನ ಮೇಲೇ ಇದೆ. ಎಲ್ಲಾ ಇದ್ರೊಳಗೆ ಇಳ್ಕೊಂಡಿದೆ ನೋಡು. ಒಳ್ಳೇ ಕೆಲಸ ಮಾಡ್ದೆ ಕಣೇ."

ಮರುದಿನ ಬೆಳಿಗ್ಗೆ ಆ ಕಪ್ಪು ಬಾಟಲಿ, ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿಗಳ ಜೊತೆ, ಘಟಕದ ಬಾಗಿಲಲ್ಲಿ ತೂಗಾಡುತ್ತಿತ್ತು.

ಕೋಶದ ಕಚೇರಿ ರಾಜಾಜಿನಗರದಲ್ಲಿ, ಒಂದು ಸ್ವೀಟ್ ಅಂಗಡಿಯ ಮಹಡಿಯ ಮೇಲೆ. ಅದರ ಸಹಾಯಕ ಎಂಜಿನಿಯರ್ ಶಶಿಕುಮಾರ್ ಸಿಡುಕುವವರಲ್ಲ, ಕೂಗುವವರಲ್ಲ. ಯಾರು ಏನೇ ಹೇಳಿದರೂ ಪೂರ್ತಿ ಕೇಳಿ, ಅದಕ್ಕೆ ಸಂಬಂಧಿಸಿದ ನಿಯಮ ತೋರಿಸುವವರು. ಅನಂತಲಕ್ಷ್ಮಿ ಹೇಳಿದ್ದನ್ನೂ ಪೂರ್ತಿ ಕೇಳಿದರು.

"ಅಂದ್ರೆ ಈಗ ನೀರು 7.40 ಇದೆ," ಎಂದರು.

"ಇಲ್ಲ ಸಾರ್. 740 ಇದೆ. ಬೊಟ್ಟು ಒರೆಸಿದ್ರೆ ಗೊತ್ತಾಗುತ್ತೆ."

"ಒರೆಸಿದ ಮೇಲೆ 740 ಆಗುತ್ತೆ. ಒರೆಸೋಕೆ ಮುಂಚೆ 7.40 ಇರುತ್ತೆ. ಹಂಗಾದ್ರೆ ಕೆಡಿಸಿದ್ದು ಯಾರಮ್ಮ?"

ಅನಂತಲಕ್ಷ್ಮಿ, "ಸಾರ್, ಮೆಂಬ್ರೇನ್ ಒಂದು ಬದಲಾಯಿಸಿಬಿಡಿ. ಬೊಟ್ಟು ಇದ್ದಲ್ಲೇ ಇರಲಿ," ಎಂದಳು.

ಶಶಿಕುಮಾರ್ ನಿಯಮಗಳ ಪುಸ್ತಕ ತೆಗೆದು ಹನ್ನೊಂದನೆಯದನ್ನು ಬೆರಳಿಟ್ಟು ತೋರಿಸಿದರು. 'ಮಾಪಕದ ಅಂಕಿಯು 500 ಮೀರಿದಲ್ಲಿ ಮಾತ್ರ ಮೆಂಬ್ರೇನ್ ಬದಲಾಯಿಸತಕ್ಕದ್ದು.' ಪುಟ ತಿರುವಿ ಹದಿನಾಲ್ಕನೆಯದನ್ನು ತೋರಿಸಿದರು. 'ಮಾಪಕದ ಮೇಲೆ ಇರುವುದನ್ನು ತೆಗೆಯುವುದಾಗಲಿ, ಇಲ್ಲದ್ದನ್ನು ಸೇರಿಸುವುದಾಗಲಿ ನೌಕರರಿಗೆ ನಿಷಿದ್ಧ.'

"ಹಾಗಿದ್ರೆ ಕುಂಕುಮ ಇಟ್ಟಿದ್ದೂ ತಪ್ಪಲ್ವಾ ಸಾರ್?"

"ನಿಮ್ಮತ್ತೆ ನೌಕರರಾ?"

"ಅಲ್ಲ ಸಾರ್."

"ಮತ್ತೆ?" ಎಂದು ಶಶಿಕುಮಾರ್ ಪುಸ್ತಕ ಮುಚ್ಚಿದರು. ನಂತರ ಮೆಲ್ಲಗೆ, ಹಿತವಾಗಿ ಹೇಳಿದರು: "ನಿಮ್ದು ಆರು ತಿಂಗಳ ಗುತ್ತಿಗೆ ಅಲ್ವೇನಮ್ಮ? ಶುದ್ಧ ನೀರಿನ ಪಟ್ಟೀಲಿ ನಿಮ್ ಏರಿಯಾನೇ ಮೊದಲನೇ ಸ್ಥಾನದಲ್ಲಿದೆ. ಸುಮ್ನೆ ಯಾಕೆ?"

ಕುಂಕುಮ ಎಷ್ಟು ಎಣ್ಣೆಯಲ್ಲಿ ಕಲಸಿದರೂ ಒಂದು ದಿನ ಒಣಗುತ್ತದೆ. ಡಿಸೆಂಬರಿನ ಒಂದು ಶನಿವಾರ, ಬೆಳಿಗ್ಗೆ ಏಳೂಕಾಲರ ಸುಮಾರಿಗೆ, ಘಟಕದ ಮುಂದೆ ಕ್ಯಾನುಗಳ ಸಾಲು ಇದ್ದಾಗಲೇ, ಬೊಟ್ಟು ಸಿಪ್ಪೆಯಾಗಿ ಕಳಚಿ ಕೆಳಗೆ ಬಿತ್ತು. ಮಾಪಕ 740 ತೋರಿಸಿತು.

"ಅಯ್ಯೋ! ಕೊಟ್ರೇಶಣ್ಣ, ನೀರ್ ಕೆಟ್ಟೋಯ್ತು!" ಎಂದು ಸಾಲಿನಲ್ಲಿ ಮೊದಲು ನಿಂತಿದ್ದ ಹೆಂಗಸು ಕೂಗಿದಳು.

"ಈಗ್ತಾನೇ ಚೆನ್ನಾಗಿತ್ತಲ್ಲ ಗುರು," ಎಂದ ಎರಡನೆಯವನು. ಅವನ ಕ್ಯಾನು ಅರ್ಧ ತುಂಬಿತ್ತು. ಮೇಲಿನ ಅರ್ಧವನ್ನು ಚೆಲ್ಲಬೇಕೋ ಕೆಳಗಿನ ಅರ್ಧವನ್ನೋ ಎಂದು ಅವನು ಕೇಳಿದ. ಕೊಟ್ರೇಶನಿಗೂ ಅದು ತಿಳಿಯಲಿಲ್ಲ. ಅವನು ನಲ್ಲಿ ನಿಲ್ಲಿಸಿ, 'ನೀರು ಕೆಟ್ಟಿದೆ' ಎಂದು ರಟ್ಟಿನ ಮೇಲೆ ಬರೆದು ನೇತುಹಾಕಿದ.

ಸುದ್ದಿ ಕೇಳಿ ಅನಂತಲಕ್ಷ್ಮಿ ಬರಿಗಾಲಲ್ಲಿ ಓಡಿಬಂದಳು. ನೌಕರಿಗೆ ಸೇರಿದ ಮೇಲೆ ಅವಳು ಇಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಫೋನ್ ಹಿಡಿದಳು, ಆ್ಯಪ್ 740 ಎಂದು ಓದಿತು. ಹನ್ನೊಂದನೇ ನಿಯಮದಡಿ ದೂರು ದಾಖಲಾಯಿತು. 'ಮೆಂಬ್ರೇನ್ ಬದಲಾವಣೆಗೆ ಅರ್ಹ' ಎಂಬ ಸಂದೇಶವೂ ಬಂತು. ಅದನ್ನು ಅವಳು ಎರಡು ಸಲ ಓದಿದಳು. ಮೂರನೆಯ ಸಲ ಓದುವಷ್ಟರಲ್ಲಿ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನರಸಮ್ಮ ಮಿಂದು ಮಡಿಯುಟ್ಟು, ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದು ಬರುತ್ತಿದ್ದರು.

"ಅತ್ತೆ, ಒಂದರ್ಧ ಗಂಟೆ ತಡೀರಿ. ಕೈ ಮುಗೀತೀನಿ," ಎಂದಳು ಅನಂತಲಕ್ಷ್ಮಿ.

"ಯಾಕೆ ತಡೀಬೇಕು? ಇಷ್ಟು ಜನ ನೀರಿಲ್ದೆ ನಿಂತಿದಾರೆ, ಕಣ್ಣು ಕಾಣಲ್ವಾ?"

"ಮಾವನಿಗೋಸ್ಕರ ಅತ್ತೆ."

"ನಾನೂ ಅವರಿಗೋಸ್ಕರಾನೇ ಕಣೇ ಇಡ್ತಾ ಇರೋದು," ಎಂದು ನರಸಮ್ಮ ಬೊಟ್ಟಿಟ್ಟರು. ಮೊದಲ ಸಲ ತುಸು ಎಡಕ್ಕಾಯಿತು. "ಬಲಕ್ಕೆ, ಬಲಕ್ಕೆ ಅಕ್ಕ," ಎಂದು ಸಾಲಿನವರೆಲ್ಲ ದನಿಗೂಡಿಸಿದರು. ಸರಿಪಡಿಸಿದರು. 7.40 ಬಂತು. ಚಪ್ಪಾಳೆ ಬಿತ್ತು. ಕೊಟ್ರೇಶ್ ರಟ್ಟನ್ನು ತಿರುಗಿಸಿ ಹಿಂಬದಿಯಲ್ಲಿ 'ನೀರು ಸರಿಯಾಗಿದೆ' ಎಂದು ಬರೆದು, ಕೋಶಕ್ಕೂ ಫೋನ್ ಮಾಡಿ ಹೇಳಿದ. ಅನಂತಲಕ್ಷ್ಮಿಯ ಫೋನಿಗೆ ಮತ್ತೊಂದು ಸಂದೇಶ: 'ನಿಮ್ಮ ದೂರು ಹನ್ನೊಂದು ನಿಮಿಷದಲ್ಲಿ ಪರಿಹಾರಗೊಂಡಿದೆ. ಸೇವೆಯಿಂದ ತೃಪ್ತರೇ?' ಕೆಳಗೆ ಒಂದೇ ಗುಂಡಿ ಇತ್ತು: 'ಹೌದು'.

ಹನ್ನೊಂದು ನಿಮಿಷ ಎಂಬುದು ಕೋಶದ ಇತಿಹಾಸದಲ್ಲೇ ಇಲ್ಲದ ವೇಗ. ಇದೇ ಘಟಕದ ಹಬ್ಬದ ದಿನದ ಪೂಜೆ ಬಿಟ್ಟರೆ, ಅದಕ್ಕೆ ಮುಂಚಿನ ಅತಿ ಬೇಗದ ದುರಸ್ತಿಗೆ ನಲವತ್ತಾರು ದಿನ ಹಿಡಿದಿತ್ತು, ಅದೂ ದೂರು ಕೊಟ್ಟವರು ಮನೆ ಖಾಲಿ ಮಾಡಿದ್ದರಿಂದ. ಇದನ್ನು ಗಮನಿಸಿದ ಮೇಲಧಿಕಾರಿಗಳು ಹದಿನೈದೇ ದಿನದಲ್ಲಿ ಈ ಕೆಳಗಿನಂತೆ ಹೊರಡಿಸಿದರು.

ಸುತ್ತೋಲೆ

ವಿಷಯ: ಕುಡಿಯುವ ನೀರಿನ ಘಟಕಗಳ ಮಾಪಕಗಳಿಗೆ ಶುದ್ಧೀಕರಣ ಬಿಂದು ಅಳವಡಿಸುವ ಬಗ್ಗೆ.

ಮಾವಿನತೋಪು ಲೇಔಟಿನ ಘಟಕದಲ್ಲಿ ಪ್ರಾಯೋಗಿಕವಾಗಿ ಯಶಸ್ವಿಯಾದ ವಿಧಾನವನ್ನು ಕೋಶದ ವ್ಯಾಪ್ತಿಯ ಎಲ್ಲ ಘಟಕಗಳಿಗೂ ವಿಸ್ತರಿಸಲಾಗಿದೆ. ಬಿಂದುವು ಎಡದಿಂದ ಮೊದಲನೆಯ ಅಂಕಿಯ ಬಲಬದಿಯ ಬುಡದಲ್ಲಿರತಕ್ಕದ್ದು. ವ್ಯಾಸವು ನಾಲ್ಕು ಮಿಲಿಮೀಟರಿಗೆ ಕಡಿಮೆಯಿರಬಾರದು. ಒಂದು ಘಟಕಕ್ಕೆ ಒಂದೇ ಬಿಂದು. ಎರಡು ಇಟ್ಟಲ್ಲಿ ನೀರು ಇನ್ನಷ್ಟು ಶುದ್ಧವಾಗುವುದೆಂಬುದು ತಪ್ಪು ಕಲ್ಪನೆ. ಕುಂಕುಮಕ್ಕೆ ಆಕ್ಷೇಪಣೆ ಇರುವ ಬಡಾವಣೆಗಳಲ್ಲಿ ಅದೇ ಅಳತೆಯ ಕೆಂಪು ಸ್ಟಿಕ್ಕರ್ ಅಂಟಿಸಬಹುದು; ಪರಿಣಾಮ ಒಂದೇ ಎಂದು ತಾಂತ್ರಿಕ ವಿಭಾಗ ದೃಢಪಡಿಸಿದೆ. ಬಿಂದು ಅಳವಡಿಸಿದ ಘಟಕದ ನೀರನ್ನು ಕಾಯಿಸಿ ಕುಡಿಯುವುದನ್ನು ಕೋಶದ ಮೇಲಿನ ಅವಿಶ್ವಾಸವೆಂದು ಪರಿಗಣಿಸಲಾಗುವುದು; ಈ ಅಂಶವು ಗುತ್ತಿಗೆ ನೌಕರರಿಗೂ, ಅವರ ಕುಟುಂಬದವರಿಗೂ ಅನ್ವಯಿಸುತ್ತದೆ.

ನರಸಮ್ಮನವರಿಗೆ ಸಂಘದ ವತಿಯಿಂದ ಶಾಲು ಹೊದಿಸಿದರು. ದೊಡ್ಡಹನುಮಯ್ಯ ಮಾತಾಡಿ, ಇಂಥ ತಂತ್ರಜ್ಞಾನ ನಮ್ಮ ಹೆಣ್ಣುಮಕ್ಕಳ ಅಂಗೈಯಲ್ಲೇ ಇದ್ದದ್ದು ಇಷ್ಟು ದಿನ ಗೊತ್ತಾಗಲಿಲ್ಲ ಎಂದರು. ಬೈರಯ್ಯ ಮುಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಭಾಷಣದ ನಡುವೆ ಎರಡು ಸಲ ಎದ್ದು ಹೋದರು. ಆ ದಿನ ಕ್ಯಾಲೆಂಡರಿನಲ್ಲಿ 14.

ಅನಂತಲಕ್ಷ್ಮಿ ಕಡೆಯ ಸಲ ಶಶಿಕುಮಾರರ ಬಳಿಗೆ ಹೋದಳು. ಈ ಸಲ ಅವಳು ನಿಯಮದ ಒಳಗಿನಿಂದಲೇ ಯೋಚಿಸಿಕೊಂಡು ಹೋಗಿದ್ದಳು.

"ಸಾರ್, ಹೊಸ ಮೆಂಬ್ರೇನ್ ಹಾಕಿದ್ರೆ ಮಾಪಕದಲ್ಲಿ 048 ಬರುತ್ತೆ. ಬೊಟ್ಟು ಇದ್ದೇ ಇರುತ್ತೆ. ಅಂದ್ರೆ 0.48. ನಮ್ ಏರಿಯಾ ಇನ್ನೂ ಮೇಲೆ ಹೋಗುತ್ತೆ."

ಶಶಿಕುಮಾರ್ ಮೆಚ್ಚಿಗೆಯಿಂದ ನಕ್ಕರು. "ಬುದ್ಧಿವಂತೆ ಕಣಮ್ಮ ನೀನು. ಆದ್ರೆ ಒಂದಕ್ಕಿಂತ ಕಡಿಮೆ ಬಂದ್ರೆ ಆ್ಯಪು ಅದನ್ನ ನೀರು ಅಂತಾನೇ ಒಪ್ಪಲ್ಲ. 'ಮಾಪಕ ದೋಷ' ಅನ್ನುತ್ತೆ. ಮಹಾಲಕ್ಷ್ಮಿ ಲೇಔಟ್ ಕಡೆ ಒಂದು ಘಟಕದಲ್ಲಿ ಇದೇ ಆಗಿದೆ. ಚೆನ್ನಾಗೇ ನಡೀತಿತ್ತು, 052. ಬೊಟ್ಟಿಟ್ರು, 0.52 ಆಗೋಯ್ತು. ಪಾಪ, ತುಂಬಾ ಕಷ್ಟದಲ್ಲಿದಾರೆ."

"ಬೊಟ್ಟು ತೆಗೀಬಹುದಲ್ವಾ ಸಾರ್?"

"ಸುತ್ತೋಲೆ ಇದೆಯಲ್ಲಮ್ಮ. ಮೆಂಬ್ರೇನ್ ತೆಗೆಸ್ತಾ ಇದೀವಿ."

ಬಸ್ಸಿನಲ್ಲಿ ಮನೆಗೆ ಬರುವಾಗ ಅನಂತಲಕ್ಷ್ಮಿ ಯಾವ ಯೋಚನೆಯನ್ನೂ ಮಾಡಲಿಲ್ಲ. ಮನೆಗೆ ಬಂದು ನೋಡಿದರೆ ಕ್ಯಾಲೆಂಡರಿನ ಮೇಲೆ, ಅವಳು ಬರೆದ ಒಂದೊಂದು ಜೋಡಿ ಅಂಕಿಯ ನಡುವೆಯೂ, ಪುಟ್ಟ ಪುಟ್ಟ ಕುಂಕುಮದ ಬೊಟ್ಟುಗಳಿದ್ದವು. 1.1, 1.2, 1.4.

"ನೀರಿಗೆ ಆಗೋದು ಮನುಷ್ಯರಿಗೆ ಯಾಕಾಗಲ್ಲ?" ಎಂದರು ನರಸಮ್ಮ. ಅವರ ಮುಖದಲ್ಲಿ ಕೊಂಕಿರಲಿಲ್ಲ. ಗಂಡ ಹುಷಾರಾಗಬೇಕೆಂದು ಮೂರು ಸೋಮವಾರ ಉಪವಾಸ ಮಾಡಿ ಅವರ ಕೆನ್ನೆಯೂ ಗುಳಿಬಿದ್ದಿತ್ತು.

ಕ್ಯಾಲೆಂಡರನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಗಂಡನನ್ನೂ ಸೊಸೆಯನ್ನೂ ಕರೆದುಕೊಂಡು, ನರಸಮ್ಮ ಬಸ್ ನಿಲ್ದಾಣದ ಹಿಂದಿನ ಕ್ಲಿನಿಕ್ಕಿಗೆ ಹೋದರು. ಡಾಕ್ಟರ್ ಕಲಾ ದಿನಕ್ಕೆ ತೊಂಬತ್ತು ಜನರನ್ನು ನೋಡುವವರು. ಈಚೆಗೆ ಅವರ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ಬರುವ ಮಾವಿನತೋಪಿನವರೇ ಹೆಚ್ಚು. ಯಾವ ನೀರು ಕುಡಿಯುತ್ತೀರಿ ಎಂದು ಅವರು ಎಲ್ಲರನ್ನೂ ಕೇಳುತ್ತಿದ್ದರು. 7.40 ಎಂದು ಎಲ್ಲರೂ ಹೇಳುತ್ತಿದ್ದರು. ಹಾಗಾಗಿ ನೀರಿನ ಮೇಲೆ ಅವರಿಗೆ ಅನುಮಾನ ಉಳಿದಿರಲಿಲ್ಲ.

"ದಿನಕ್ಕೆ ಎಷ್ಟು ಸಲ ಆಗ್ತಿದೆ, ಅಜ್ಜ?"

"ಹದಿಮೂರು, ಹದಿನಾಲ್ಕು ಆಗುತ್ತೆ ಡಾಕ್ಟ್ರೇ," ಎಂದರು ಬೈರಯ್ಯ.

"ನೆನಪಿಂದ ಹೇಳ್ತಿದೀರೋ, ಬರೆದಿಟ್ಟಿದೀರೋ?"

"ಬರೆದಿದೆ," ಎಂದು ನರಸಮ್ಮ ಕ್ಯಾಲೆಂಡರ್ ಬಿಡಿಸಿದರು.

ಡಾಕ್ಟರ್ ಬಿಂದುಗಳನ್ನು ನೋಡಿದರು, ಅಂಕಿಗಳನ್ನು ನೋಡಿದರು. "ಒಂದು ಪಾಯಿಂಟ್ ನಾಲ್ಕು. ದಿನಕ್ಕೆ ಮೂರಕ್ಕಿಂತ ಕಡಿಮೆ ಇದ್ರೆ ಅದನ್ನ ಭೇದಿ ಅನ್ನಲ್ಲ. ವಯಸ್ಸಾದೋರಿಗೆ ಹೀಗನ್ನಿಸುತ್ತೆ."

"ಡಾಕ್ಟರ್, ಆ ಬೊಟ್ಟುಗಳು ಆಮೇಲೆ ಇಟ್ಟಿದ್ದು," ಎಂದಳು ಅನಂತಲಕ್ಷ್ಮಿ.

"ಅಂಕಿ ಯಾರ ಕೈಬರಹ?"

"ನನ್ನದೇ."

"ಮತ್ತೆ? ನೆಕ್ಸ್ಟ್!"

ಆ ದಿನ ಅನಂತಲಕ್ಷ್ಮಿ ತನಗೆ ಉಳಿದದ್ದು ಒಂದೇ ದಾರಿ ಎಂದು ಗೊತ್ತುಮಾಡಿಕೊಂಡಳು. ಅದು ಕುಕ್ಕರ್. ಪಾತ್ರೆಯಲ್ಲಿ ನೀರು ಕಾಯಿಸಿದರೆ ಅತ್ತೆಗೆ ಕಾಣುತ್ತದೆ. ಕುಕ್ಕರಿನಲ್ಲಿ ಇಟ್ಟರೆ ಬೇಳೆ. ಬೆಳಿಗ್ಗೆ ನರಸಮ್ಮ ರಂಗೋಲಿ ಹಾಕಲು ಹೊರಗೆ ಹೋದಾಗ ಕುಕ್ಕರ್ ತುಂಬ ನೀರಿಟ್ಟು ನಾಲ್ಕು ಸೀಟಿ ಕೂಗಿಸುವುದು, ಆರಿಸುವುದು, ಮಾವನ ಚೊಂಬಿಗೆ ಸುರಿಯುವುದು. ಸಂಜೆ ಮತ್ತೊಮ್ಮೆ.

"ಈಚೆಗೆ ಎಷ್ಟು ಬೇಳೆ ಬೇಯಿಸ್ತೀಯೇ? ಸಾರೂ ಗಟ್ಟಿಯಾಗಲ್ಲ," ಎಂದು ನರಸಮ್ಮ ಆಗಾಗ ಗೊಣಗಿದರು.

ಕೋಶದ ಪ್ರಕಾರ ಇದು ಅವಿಶ್ವಾಸ. ಸಿಕ್ಕಿಬಿದ್ದರೆ ಗುತ್ತಿಗೆ ಹೋಗುತ್ತದೆ. ಪ್ರತಿ ಸೀಟಿಗೂ ಅವಳು ಬಾಗಿಲ ಕಡೆ ನೋಡುತ್ತಿದ್ದಳು. ಆದರೆ ಕ್ಯಾಲೆಂಡರ್ ಬೇರೆ ಮಾತಾಡತೊಡಗಿತು. 13, 09, 06, 04, 03. ಏಳನೆಯ ದಿನ 02. ಬೈರಯ್ಯ ಹಗ್ಗ ಬಿಚ್ಚಿ ಬರೀ ಬೆಲ್ಟ್ ಹಾಕಿಕೊಂಡರು. ಮುದ್ದೆ ಕೇಳಿ ಹಾಕಿಸಿಕೊಂಡರು. ಸೊಸೆಯ ಮುಖ ನೋಡಿ, "ಏನ್ ಮಾಡ್ದೆಮ್ಮ?" ಎಂದು ಮೆಲ್ಲಗೆ ಕೇಳಿದರು. ಅವಳು ಕುಕ್ಕರಿನ ಕಡೆ ನೋಡಿದಳು. ಅವರು ಚೊಂಬೆತ್ತಿ ಕುಡಿದರು.

ಅಂದು ಸಂಜೆ ನರಸಮ್ಮ ಎಂದಿನಂತೆ ಕ್ಯಾಲೆಂಡರಿಗೆ ಬೊಟ್ಟಿಟ್ಟರು. ಸುತ್ತೋಲೆಯಲ್ಲಿ ಹೇಳಿದಂತೆ, ಎಡದಿಂದ ಮೊದಲನೆಯ ಅಂಕಿಯ ಬಲಕ್ಕೆ. 0.2 ಆಯಿತು. ಅವರು ಗಾಬರಿಯಾದರು.

"ಡಾಕ್ಟ್ರೇ, ಇವ್ರಿಗೆ ತುಂಬಾ ಇಳಿದುಹೋಗಿದೆ," ಎಂದು ಮರುದಿನ ಕ್ಲಿನಿಕ್ಕಿನಲ್ಲಿ ಕ್ಯಾಲೆಂಡರ್ ಬಿಡಿಸಿದರು.

ಡಾಕ್ಟರ್ ಕಲಾ ಹುಬ್ಬೇರಿಸಿದರು. "ದಿನಕ್ಕೆ 0.2? ಅಂದ್ರೆ ಐದು ದಿನಕ್ಕೊಂದು ಸಲ! ಇದು ಮಲಬದ್ಧತೆ. ಈ ವಯಸ್ಸಲ್ಲಿ ಅಪಾಯ. ಯಾಕೆ ಇಷ್ಟು ದಿನ ಬಿಟ್ಟಿರಿ?"

"ನಾನು ಚೆನ್ನಾಗಿದೀನಿ ಡಾಕ್ಟ್ರೇ," ಎಂದರು ಬೈರಯ್ಯ. "ಎರಡು ತಿಂಗಳಲ್ಲಿ ಇದೇ ಮೊದಲು ಚೆನ್ನಾಗಿರೋದು."

"ಹಾಗನ್ನಿಸುತ್ತೆ," ಎಂದು ಡಾಕ್ಟರ್ ಭೇದಿಯಾಗಲು ಔಷಧಿ ಬರೆದರು. ಬೆಳಿಗ್ಗೆ ಎರಡು ಚಮಚ, ರಾತ್ರಿ ಎರಡು ಚಮಚ, ಅಂಕಿ ಸಾಮಾನ್ಯ ಸ್ಥಿತಿಗೆ ಬರುವವರೆಗೆ.

ನರಸಮ್ಮ ತಮ್ಮ ಕೈಯಾರೆ ಕುಡಿಸಿದರು. ಎರಡು ದಿನಕ್ಕೇ ಹಗ್ಗ ಮತ್ತೆ ಬೆಲ್ಟಿನ ಮೇಲೆ ಬಂತು. ಮೂರನೆಯ ದಿನ ಅನಂತಲಕ್ಷ್ಮಿ ಬರೆದದ್ದು 14. ಬೊಟ್ಟು ಬಿತ್ತು, 1.4. ಡಾಕ್ಟರಿಗೆ ಫೋನಿನಲ್ಲಿ ತಿಳಿಸಿದರು. ಅಂಕಿ ಸಾಮಾನ್ಯಕ್ಕೆ ಬಂದಿದೆ, ಇನ್ನು ಔಷಧಿ ಬೇಡ ಎಂದು ಅವರು ಹೇಳಿದರು.

ಔಷಧಿ ನಿಂತಿತು, ಕುಕ್ಕರಿನ ನೀರು ನಡೆದೇ ಇತ್ತು. ನಾಲ್ಕನೆಯ ದಿನಕ್ಕೆ ಮತ್ತೆ 02. ಮತ್ತೆ 0.2. ಮತ್ತೆ ಔಷಧಿ. ಈ ಸಲ ಡಾಕ್ಟರ್ ಅದನ್ನು ನಾಲ್ಕು ಚಮಚಕ್ಕೆ ಏರಿಸಿದರು.

ಅನಂತಲಕ್ಷ್ಮಿ ಕೂತು, ಒಂದು ಹಾಳೆಯ ಮೇಲೆ ಎರಡು ಕಾಲಮ್ ಎಳೆದು ಬರೆದಳು. ಮಾವನಿಗೆ ಹುಷಾರಾದರೆ: ಔಷಧಿ, ನಾಲ್ಕು ಚಮಚ, ಮುಂದಿನ ಸಲ ಆರು. ಮಾವನಿಗೆ ಹುಷಾರಿಲ್ಲದಿದ್ದರೆ: ಏನೂ ಇಲ್ಲ. ಎರಡು ಸಲ ಓದಿದಳು. ತಪ್ಪೇನೂ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಕುಕ್ಕರಿನಲ್ಲಿ ಬೇಳೆ ಇಟ್ಟಳು. ಸಾರು ಗಟ್ಟಿಯಾಯಿತು. ನರಸಮ್ಮ ಹೊಗಳಿದರು.

ಅದೇ ವಾರ ಕೋಶದಿಂದ ಪತ್ರ ಬಂತು. ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿದಿತ್ತು, ಹುದ್ದೆಯ ಹೆಸರು 'ಬಿಂದು ಪರಿವೀಕ್ಷಕಿ' ಎಂದಾಗಿತ್ತು. ಮಾವಿನತೋಪು ಲೇಔಟಿನಲ್ಲಿ ನೀರಿನಿಂದ ಕಾಯಿಲೆ ಬಿದ್ದವರ ಸಂಖ್ಯೆಯನ್ನು ಕಳಿಸಿಕೊಡಬೇಕೆಂದೂ ಅದರಲ್ಲಿತ್ತು. ಅವಳು ಮನೆಮನೆಗೂ ಹೋಗಿ, ಒಬ್ಬರನ್ನೂ ಬಿಡದೆ ಎಣಿಸಿ, 163 ಎಂದು ಬರೆದುಕೊಂಡು ಹೋದಳು. ಶಶಿಕುಮಾರ್ ಮೇಜಿನ ಮೇಲಿದ್ದ ಕೆಂಪು ಸ್ಟಿಕ್ಕರಿನ ಹಾಳೆಯಿಂದ ಒಂದನ್ನು ಬಿಡಿಸಿ ಅಂಟಿಸಿದರು.

"1.63," ಎಂದರು. "ಒಬ್ಬರು ನಿಮ್ ಮಾವ. ಇನ್ನು ಆ ಪಾಯಿಂಟ್ ಅರವತ್ತಮೂರು ಯಾರಮ್ಮ?"

"ವಿಚಾರಿಸ್ತೀನಿ ಸಾರ್," ಎಂದಳು ಅನಂತಲಕ್ಷ್ಮಿ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನರಸಮ್ಮ ದೇವರ ಮುಂದೆ ಕೂತಿದ್ದರು. ಅನಂತಲಕ್ಷ್ಮಿ ಗೋಡೆಯ ಬಳಿ ನಿಂತು, ಅಂದಿನ ಚೌಕದಲ್ಲಿ ಎರಡು ಅಂಕಿ ಬರೆದಳು. ಅತ್ತೆ ಏಳುವ ತನಕ ಕಾಯಲಿಲ್ಲ. ಬಟ್ಟಲಿನಲ್ಲಿ ಉಂಗುರಬೆರಳು ಅದ್ದಿ ತಾನೇ ಇಟ್ಟಳು, ಎಡದಿಂದ ಮೊದಲನೆಯದರ ಬಲಕ್ಕೆ, ಬುಡದಲ್ಲಿ, ನಾಲ್ಕು ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ.

"ಇವತ್ತು ಎಷ್ಟಮ್ಮ?" ಎಂದು ಪಾಯಿಖಾನೆಯ ಬಾಗಿಲ ಹಿಂದಿನಿಂದ ಬೈರಯ್ಯ ಕೇಳಿದರು. ದನಿ ಕ್ಷೀಣವಾಗಿತ್ತು.

"ಒಂದು ಪಾಯಿಂಟ್ ಐದು, ಮಾವ."

"ಸದ್ಯ," ಎಂದರು ಬೈರಯ್ಯ. "ಇಲ್ಲೇ ಕೂತಿದ್ರೆ ಜಾಸ್ತಿ ಅನ್ನಿಸುತ್ತೆ, ಅಷ್ಟೇ."